ಕೆಂಪು ಔಷಧಿ, ಹಳದಿ ಚೀಲ

"ಔಷಧಿ ಕೆಂಪೈತಲ್ರಿ ಸಿಸ್ಟರ್, ಅದಕ್ಕ ಕೆಂಪು ಚೀಲಕ್ಕ ಹಾಕೀನ್ರಿ."

ಬಳ್ಳಾರಿಯ ಆಸ್ಪತ್ರೆಯೊಂದರ ಕಿಮೋ ವಾರ್ಡಿನಲ್ಲಿ ಸೋಮವಾರ ಕಸ ಎತ್ತುವ ಹೆಂಗಸು ಹೇಳಿದ ಮಾತಿದು. ವಾರವಾದರೂ ಕಿವಿಯಿಂದ ಹೋಗಿಲ್ಲ. ಆಕೆಯ ಕೈಯಲ್ಲಿದ್ದದ್ದು ಡಾಕ್ಸೊರುಬಿಸಿನ್ ಅನ್ನುವ ಕೆಂಪು ಕ್ಯಾನ್ಸರ್ ಔಷಧಿ ಹರಿದು ಮುಗಿದ ಡ್ರಿಪ್ ಸೆಟ್. ನಳಿಗೆಯ ತುದಿಯಲ್ಲಿ ದಾಸವಾಳದ ಬಣ್ಣದ ಹನಿಯೊಂದು ಇನ್ನೂ ನಿಂತಿತ್ತು. ಸಿಸ್ಟರ್ ಗದರಿದರು. ಅದು ನ್ಯಾಯವಲ್ಲ. ಗೋಡೆಯ ಚಾರ್ಟೇ 'ಡ್ರಿಪ್ ಸೆಟ್: ಕೆಂಪು ಚೀಲ' ಅನ್ನುತ್ತದೆ, ಉಳಿದ ವಾರ್ಡುಗಳಲ್ಲಿ ಅದೇ ಸರಿ ಕೂಡ.

ಕೆಂಪು ಚೀಲದ ಪ್ಲಾಸ್ಟಿಕ್ ಆಟೋಕ್ಲೇವ್ ಆಗಿ, ಅಂದರೆ ಒತ್ತಡದ ಬಿಸಿ ಹಬೆಯಲ್ಲಿ ಬೆಂದು, ಚೂರಾಗಿ, ಮರುಬಳಕೆಗೆ ಹೋಗುತ್ತದೆ. 121 ಡಿಗ್ರಿ ಹಬೆಗೆ ರೋಗಾಣು ಸಾಯುತ್ತದೆ, ಆದರೆ ಕ್ಯಾನ್ಸರ್ ಔಷಧಿಗೆ ಆ ಹಬೆಯನ್ನು ನೆಚ್ಚುವಂತಿಲ್ಲ. ಅದಕ್ಕೇ ಆಸ್ಪತ್ರೆ ಕಸದ 2016ರ ನಿಯಮ ಇಂಥ ಔಷಧಿಯನ್ನೂ ಅದು ತಾಗಿದ ಬಾಟಲಿ, ನಳಿಗೆಗಳನ್ನೂ ಸೈಟೊಟಾಕ್ಸಿಕ್ (ಜೀವಕೋಶಕ್ಕೆ ವಿಷ) ಗುರುತಿನ ಹಳದಿ ಚೀಲಕ್ಕೋ ಡಬ್ಬಕ್ಕೋ ಹಾಕಿ, 1200 ಡಿಗ್ರಿ ಮೀರಿದ ಶಾಖದಲ್ಲಿ ಸುಡಲು ಹೇಳುತ್ತದೆ. ಬರೀ ಹಳದಿ ಸಾಲದು, ಆ ಗುರುತು ಬೇಕೇ ಬೇಕು. ಗುರುತಿಲ್ಲದ ಚೀಲ ಮಾಮೂಲಿ ಕಸದ ಜೊತೆ ಕಡಿಮೆ ಶಾಖದ ಕುಲುಮೆ ಸೇರುತ್ತದೆ. ಚೀಲ ಮುಕ್ಕಾಲು ತುಂಬಿದರೆ ಕಟ್ಟಬೇಕು. 48 ಗಂಟೆಯೊಳಗೆ ಆಸ್ಪತ್ರೆಯಿಂದ ಹೊರಡಬೇಕು. ಸೂಜಿಯನ್ನು ಕತ್ತರಿಸಬಾರದು, ಮುಚ್ಚಳ ಮರಳಿ ಹಾಕಬಾರದು. ಕತ್ತರಿಸುವಾಗ ಔಷಧಿ ಸಿಡಿಯುತ್ತದೆ. ಸಿರಿಂಜು ಸಮೇತ ಅದೇ ಗುರುತಿನ ಗಟ್ಟಿ ಡಬ್ಬಕ್ಕೇ ಹೋಗಬೇಕು.

ನೆಲಕ್ಕೆ ಚೆಲ್ಲಿದರೆ ಫಿನಾಯಿಲ್ ಸುರಿದು ಮಾಪ್ ಎಳೆಯುವುದು ನಮ್ಮ ರೂಢಿ. ಅಂಗೈಯಗಲದ ಚೆಲ್ಲು ಅದರಿಂದ ವಾರ್ಡಿಡೀ ಹರಡುತ್ತದೆ. ಜನರನ್ನು ದೂರ ಸರಿಸಿ, ಎರಡು ಜೊತೆ ಗ್ಲೌಸು, ಗೌನು, ಎನ್-95 ಮಾಸ್ಕ್ ತೊಟ್ಟು, ಅಂಚಿನಿಂದ ನಡುವಿಗೆ ಹೀರುವ ಪ್ಯಾಡ್ ಒತ್ತಬೇಕು. ಆಮೇಲೆ ಸೋಪು ನೀರಿನಿಂದ ಮೂರು ಸಲ ತೊಳೆಯಬೇಕು. ಆ ಪ್ಯಾಡೂ ಗ್ಲೌಸೂ ಅದೇ ಹಳದಿ ಚೀಲಕ್ಕೆ.

"ಅದಕ್ಕ ಕೆಂಪು ಚೀಲಕ್ಕ..." ಆಕೆಗೆ ಕಲಿಸಿದ್ದೆಲ್ಲ ರೋಗಾಣುವಿನ ಪಾಠ. ಔಷಧಿಯೇ ಚರ್ಮಕ್ಕೂ ಗರ್ಭಕ್ಕೂ ಅಪಾಯ ಅಂತ ಯಾರೂ ಹೇಳಿಲ್ಲ. ಬಸುರಿಯರನ್ನು ಈ ಕೆಲಸಕ್ಕೆ ಹಚ್ಚಲೇಬಾರದು. ಆಕೆಯ ಕೈಯಲ್ಲಿದ್ದದ್ದು ಒಂದೇ ಪದರದ ತೆಳು ಗ್ಲೌಸು, ಹೆಬ್ಬೆರಳ ಹತ್ತಿರ ಹರಿದಿತ್ತು.

ಅದೇ ಸಂಜೆ, ಆ ಡ್ರಿಪ್ ಹಾಕಿಸಿಕೊಂಡ ರೋಗಿ ಸಿರುಗುಪ್ಪದ ಬಸ್ಸು ಹತ್ತಿದರು. ಕನಿಷ್ಠ 48 ಗಂಟೆ ಅವರ ಮೂತ್ರ, ವಾಂತಿಯಲ್ಲೂ ಔಷಧಿ ಇರುತ್ತದೆ. ಕಕ್ಕಸಿಗೆ ಎರಡು ಸಲ ಧಾರಾಳವಾಗಿ ನೀರು ಸುರಿಯಬೇಕು, ಕೊಳೆಯಾದ ಬಟ್ಟೆಯನ್ನು ಗ್ಲೌಸು ಹಾಕಿಕೊಂಡು ಬೇರೆಯಾಗಿ, ಎರಡು ಸಲ ಒಗೆಯಬೇಕು. ಡಿಸ್ಚಾರ್ಜ್ ಚೀಟಿ ನೋಡಿದೆ. ಮಾತ್ರೆಯ ಹೊತ್ತು, ಮುಂದಿನ ತಾರೀಖು, ಅಷ್ಟೇ ಬರೆದಿತ್ತು.