ಒಪ್ಪಿಗೆಗೊಂದು ಕಾರಣ

ನಮ್ಮದು ಚಿಕ್ಕ ಕಾಲೇಜು. ತತ್ತ್ವಶಾಸ್ತ್ರ ವಿಭಾಗಕ್ಕೆ ಇರುವುದು ಒಬ್ಬರೇ ಪ್ರಾಧ್ಯಾಪಕರು. ಅವರ ಪಾಠ ಕೇಳಲು ಬೇರೆ ವಿಷಯದ ವಿದ್ಯಾರ್ಥಿಗಳೂ ಬಂದು ಗೋಡೆಗೊರಗಿ ನಿಲ್ಲುತ್ತಾರೆ. ಈ ವಾರ ಬಿಡುವಿದ್ದ ಒಂದು ಅವಧಿಯಲ್ಲಿ, ಇತಿಹಾಸ ಕಲಿಸುವ ನಾನೂ ಹಿಂದಿನ ಬೆಂಚಿನಲ್ಲಿ ಹೋಗಿ ಕುಳಿತೆ.

ಅಂದಿನ ಪಾಠ ಜರ್ಮನ್ ತತ್ತ್ವಜ್ಞಾನಿ ಕಾಂಟನ 1797ರ ಒಂದು ಪ್ರಬಂಧದ್ದು. ನಮ್ಮ ಮನೆಯಲ್ಲಿ ಅಡಗಿರುವ ಗೆಳೆಯನನ್ನು ಹುಡುಕಿಕೊಂಡು ಕೊಲೆಗಾರನೇ ಬಾಗಿಲಿಗೆ ಬಂದರೂ ಸುಳ್ಳು ಹೇಳಕೂಡದು ಎಂಬುದು ಅಲ್ಲಿನ ವಾದ. ಗೆಳೆಯ ನಮಗೆ ತಿಳಿಯದಂತೆ ಹೊರಗೆ ಹೋಗಿದ್ದು, ‘ಮನೆಯಲ್ಲಿಲ್ಲ’ ಎಂಬ ನಮ್ಮ ಸುಳ್ಳನ್ನು ನಂಬಿ ಹಿಂದಿರುಗಿದ ಕೊಲೆಗಾರನ ಕೈಗೆ ದಾರಿಯಲ್ಲಿ ಸಿಕ್ಕಿಬಿಟ್ಟರೆ, ಆ ಸಾವಿನ ಹೊಣೆ ನಮ್ಮ ತಲೆಗೇ ಬರುತ್ತದೆ ಎನ್ನುತ್ತಾನೆ ಕಾಂಟ್. ಇಂಥ ಕಠೋರ ಮಾತೂ ಅವರ ಬಾಯಲ್ಲಿ ಕೇಳುವಾಗ ಸಹಜವೆನಿಸಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಕಾಂಟ್ ಹೇಳಿದ್ದೇ ಸರಿ ಸರ್, ನಾನು ಒಪ್ಪುತ್ತೇನೆ” ಎಂದಳು.

“ಯಾಕಮ್ಮ ಒಪ್ಪುತ್ತೀಯ?”

“ನೀವು ಅಷ್ಟು ಚೆನ್ನಾಗಿ ಹೇಳಿದಿರಲ್ಲ ಸರ್.”

ತರಗತಿ ನಕ್ಕಿತು, ಅವರು ನಗಲಿಲ್ಲ. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಕಾಂಟ್ ಯಾರನ್ನು ವಿರೋಧಿಸಿ ಅದನ್ನು ಬರೆದನೋ ಆ ಫ್ರೆಂಚ್ ಚಿಂತಕ ಬೆಂಜಮಿನ್ ಕಾನ್‌ಸ್ಟಂಟನ ಪಕ್ಷ ಹಿಡಿದರು: ಸತ್ಯವನ್ನು ಪಡೆಯುವ ಹಕ್ಕು ಇಲ್ಲದವನಿಗೆ ಸತ್ಯ ಹೇಳುವ ಕರ್ತವ್ಯವೂ ಇಲ್ಲ. ಅದೇ ಸೊಗಸು, ಅದೇ ಬಿಗಿ. ಮತ್ತೆ ಕೇಳಿದಾಗ ಅವಳು ಅಷ್ಟೇ ಪ್ರಾಮಾಣಿಕವಾಗಿ, “ಈಗ ಇದೇ ಸರಿ ಅನ್ನಿಸುತ್ತಿದೆ ಸರ್” ಎಂದಳು. ಈ ಸಲ ಯಾರೂ ನಗಲಿಲ್ಲ.

“ನೀವು ಅಷ್ಟು ಚೆನ್ನಾಗಿ ಹೇಳಿದಿರಲ್ಲ” ಎಂಬ ಆ ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಆ ಹುಡುಗಿಯನ್ನು ದಡ್ಡಿ ಎನ್ನಲಾರೆ. ಉಳಿದವರು ಒಳಗೊಳಗೇ ಅಂದುಕೊಂಡಿದ್ದನ್ನು ಅವಳು ಬಾಯಿಬಿಟ್ಟು ಹೇಳಿದಳು, ನಾನೂ ಆ ಉಳಿದವರಲ್ಲಿ ಒಬ್ಬ. ಅವರು ತುಂಬಿದ ತರಗತಿಯಲ್ಲಿ ಅವಳನ್ನು ಪೇಚಿಗೆ ಸಿಕ್ಕಿಸಿದರೆಂದು ಸಹೋದ್ಯೋಗಿಗಳು ಆಡಿಕೊಂಡದ್ದು ನನಗೆ ಸರಿಬರಲಿಲ್ಲ. ಆ ಹೊತ್ತಿನಲ್ಲಿ ಅವರು ಪರೀಕ್ಷಿಸುತ್ತಿದ್ದುದು ತಮ್ಮ ಪಾಠವನ್ನೇ ಎಂಬುದು ಅವರ ಮುಖ ನೋಡಿದ ಯಾರಿಗಾದರೂ ತಿಳಿಯುತ್ತಿತ್ತು.

ವಿದ್ಯಾರ್ಥಿ ಕಲಿಯಬೇಕಾದುದು ಸಿದ್ಧಪಡಿಸಿಟ್ಟ ತತ್ತ್ವವನ್ನಲ್ಲ, ತಾತ್ವಿಕವಾಗಿ ಯೋಚಿಸುವುದನ್ನು ಎಂದು ಕಾಂಟ್ 1765ರಲ್ಲೇ ತನ್ನ ಮುಂಬರುವ ಉಪನ್ಯಾಸಗಳ ಬಗ್ಗೆ ಹೊರಡಿಸಿದ ಪ್ರಕಟಣೆಯಲ್ಲಿ ಬರೆದಿದ್ದ. ಆದರೆ ತರ್ಕ, ನೀತಿಶಾಸ್ತ್ರ, ಭಾರತೀಯ ದರ್ಶನ, ಪಾಶ್ಚಾತ್ಯ ದರ್ಶನ ಎಲ್ಲವನ್ನೂ ಮೂರು ವರ್ಷ ಒಂದೇ ದನಿಯಲ್ಲಿ, ಅದೂ ಅಷ್ಟು ಪ್ರೀತಿಪಾತ್ರವಾದ ದನಿಯಲ್ಲಿ ಕೇಳುವ ಮಕ್ಕಳಿಗೆ ಭಿನ್ನಮತವೆಂಬುದು ಎಲ್ಲಿ ಕಾಣಸಿಗಬೇಕು? ಪೂರ್ವಪಕ್ಷವನ್ನು, ಅಂದರೆ ಎದುರು ವಾದವನ್ನು, ಮಂಡಿಸುವವರೂ ಅವರೇ, ಸಿದ್ಧಾಂತಕ್ಕೆ ಬರುವವರೂ ಅವರೇ. ದೊಡ್ಡ ವಿಭಾಗವಾಗಿದ್ದರೆ ಪಕ್ಕದ ಕೊಠಡಿಯ ಇನ್ನೊಬ್ಬರು ಮರುದಿನವೇ ಅದನ್ನೆಲ್ಲ ಅಲ್ಲಗಳೆಯುತ್ತಿದ್ದರು. ನಮ್ಮಲ್ಲಿ ಎರಡನೆಯ ಹುದ್ದೆ ಸದ್ಯಕ್ಕೆ ಬರುವಂತಿಲ್ಲ. ಅಲ್ಲಿಯವರೆಗೆ, ತರ್ಕ ಬಲ್ಲ ಗಣಿತದ ಅಧ್ಯಾಪಕರನ್ನಾದರೂ ಆಗಾಗ ಎದುರಿಗೆ ಕೂರಿಸಿಕೊಂಡು ವಿದ್ಯಾರ್ಥಿಗಳ ಮುಂದೆಯೇ ವಾದ ಮಾಡಿ ಎಂದು ಅವರಲ್ಲಿ ಕೇಳಿಕೊಳ್ಳಬೇಕೆಂದಿದ್ದೇನೆ. ಅವರು ಬೇಡವೆನ್ನಲಾರರೆಂಬ ನಂಬಿಕೆ ನನಗಿದೆ.