ಫ್ರೀಜರಿನಲ್ಲಿ ರಾತ್ರಿ ಕಳೆದ ಚಾಕುಗಳು

ಕಳೆದ ಜನವರಿಯಲ್ಲಿ ಉತ್ತರಾಖಂಡದ ಕೇದಾರಕಂಠದ ಹಿಮದಲ್ಲಿ ನನ್ನ ಮಡಚುವ ಚಾಕು ತೆರೆಯಲೇ ಇಲ್ಲ. ಹಿಂದಿನ ಸಂಜೆ ಅದರ ಕೀಲಿಗೆ ಇಳಿದಿದ್ದ ನೀರು ರಾತ್ರಿ ಹೆಪ್ಪುಗಟ್ಟಿತ್ತು. ಕೈಗವಸು ತೆಗೆದು ಉಗುರು ಸಿಕ್ಕಿಸಿ ಎಳೆಯುವಷ್ಟರಲ್ಲಿ ಬೆರಳು ಮರಗಟ್ಟಿದವು. ಡೇರೆಯ ಹಗ್ಗವೊಂದನ್ನು ಕತ್ತರಿಸಬೇಕಿತ್ತು, ಅಷ್ಟೆ. ಮತ್ತೆ ಹಿಮಕ್ಕೆ ಹೋಗುವ ಮೊದಲು ಈ ವಿಷಯ ಬಗೆಹರಿಸಿಕೊಳ್ಳಲೇಬೇಕೆಂದು ಡಿಸೆಂಬರಿನ ಒಂದು ಬೆಳಗ್ಗೆ ಕಲಬುರಗಿಯಲ್ಲಿ ಬೀದರಿನ ರೈಲು ಹತ್ತಿದೆ.

2017ರಲ್ಲಿ ತೆರೆದ ಈ ಮಾರ್ಗ ನನಗೆ ಬಹಳ ಇಷ್ಟ. ಕಮಲಾಪುರ, ಹುಮನಾಬಾದ್ ದಾಟುವವರೆಗೂ ಕಾಯಿ ತುಂಬಿದ ತೊಗರಿ ಹೊಲಗಳು. ಜಂಬಿಟ್ಟಿಗೆಯ ಎತ್ತರದ ನೆಲದ ಮೇಲೆ ಕುಳಿತ ಬೀದರಿನಲ್ಲಿ ಇಳಿದಾಗ ಬಿಸಿಲೇರಿದ್ದರೂ ಜನ ಮಫ್ಲರ್ ಬಿಚ್ಚಿರಲಿಲ್ಲ.

ಮೊದಲು ನಾನಕ್ ಝೀರಾದ ಗುರುದ್ವಾರಕ್ಕೆ ಹೋದೆ. ಗುರು ಗೋವಿಂದ ಸಿಂಗರಿಂದ ಮೊದಲು ಖಾಲ್ಸಾ ದೀಕ್ಷೆ ಪಡೆದ ಐವರು, ಅಂದರೆ ಪಂಜ್ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಅಲ್ಲಿ ಕಂಡ ಕಿರ್ಪಾಣ್‌ಗಳ, ಸಿಖ್ಖರು ಧರಿಸುವ ಕಿರುಗತ್ತಿಗಳ, ಬಾಗು ನೋಡುತ್ತ ನಿಂತುಬಿಟ್ಟೆ. ಆದರೆ ಅದು ಶ್ರದ್ಧೆಯ ವಸ್ತು, ಕಟ್ಟಿಗೆ ಸೀಳಲು ಕೇಳಬಾರದು. ಲಂಗರಿನಲ್ಲಿ ಊಟ ಮಾಡಿ, ಗೆಳೆಯ ಹೇಳಿದ್ದ ಕುಲುಮೆಯ ದಾರಿ ಹಿಡಿದೆ.

ಕುಡುಗೋಲು, ಕೊಡಲಿ ಮಾಡುವ ಆ ಹಿರಿಯರು ಲಾರಿಯ ಹಳೆಯ ಕಮಾನು ಪಟ್ಟಿಯೊಂದನ್ನು ಎತ್ತಿ ತೋರಿಸಿದರು. ಅದು ಸರಿಯಾದ ಆಯ್ಕೆ. ಉಕ್ಕು ತಣ್ಣಗಾದಷ್ಟೂ ಪೆಡಸಾಗುತ್ತದೆ. ಅತಿ ಗಟ್ಟಿ ಹದದ ಅಲಗು ಕೊರೆಯುವ ಚಳಿಯಲ್ಲಿ ಬಾಯಿ ಮುಕ್ಕಾಗುತ್ತದೆ. ಕಮಾನು ಪಟ್ಟಿ ಬಾಗಿ ಮತ್ತೆ ನೆಟ್ಟಗಾಗಲೆಂದೇ ಮಾಡಿದ ಉಕ್ಕು. ನಾಲ್ಕು ಇಂಚಿನ ಅಲಗು, ಮಡಚುವ ಕೀಲು ಬೇಡ, ಕಬ್ಬಿಣ ಹಿಡಿಯ ತುದಿಯವರೆಗೂ ಇರಲಿ ಎಂದೆ. (ಅಲಗು ಒಂಬತ್ತು ಇಂಚು ಮೀರಿದ ಚಾಕು, ಮನೆ ಅಥವಾ ಹೊಲದ ಕೆಲಸದ್ದಲ್ಲದಿದ್ದರೆ, ಶಸ್ತ್ರಾಸ್ತ್ರ ಕಾನೂನಿನ ವ್ಯಾಪ್ತಿಗೆ ಬರುತ್ತದೆ. ಹಿಮದಲ್ಲಿ ಅಷ್ಟು ಉದ್ದದ್ದು ಬೇಕಾಗುವುದೂ ಇಲ್ಲ.) ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ ಅಲಗನ್ನು ಉಜ್ಜಿ ಹೊಳಪಿಸಿ, ಮತ್ತೆ ನಿಧಾನವಾಗಿ ಕಾಯಿಸಿದರು. ಬಾಯಿಯ ಕಡೆ ಒಣಹುಲ್ಲಿನ ಬಣ್ಣ, ಬೆನ್ನಿನ ಕಡೆ ನೀಲಿ. ಬಾಯಿ ಗಟ್ಟಿ, ಬೆನ್ನು ಮೃದು. ಆ ಎರಡು ಬಣ್ಣಗಳು ಉಕ್ಕಿನ ಮೇಲೆ ಹರಿದು ನಿಂತ ಗಳಿಗೆಯನ್ನು ಮರೆಯಲಾರೆ. ಹಿಡಿಗೆ ಜಾಲಿ ಮರ. ಬರಿಯ ಲೋಹದ ಹಿಡಿ ಅಂಗೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಕೊರೆಯುವ ಚಳಿಯಲ್ಲಿ ಒದ್ದೆ ಚರ್ಮ ಅದಕ್ಕೆ ಅಂಟಿಯೇಬಿಡುತ್ತದೆ.

ಬೀದರಿನ ಚಳಿ ಎಷ್ಟಿದ್ದರೂ ಹಿಮಾಲಯದ ಚಳಿಯಲ್ಲ. ಅದಕ್ಕೆ ಆ ರಾತ್ರಿ ಗೆಳೆಯನ ಮನೆಯ ಫ್ರೀಜರಿನಲ್ಲಿ ಮೂರು ಚಾಕು ಇಟ್ಟೆ: ನನ್ನ ಹಳೆಯ ಮಡಚುವ ಚಾಕು, ಪ್ಲಾಸ್ಟಿಕ್ ಒರೆಯಲ್ಲಿ ಅವನದೊಂದು ಸ್ಟೇನ್‌ಲೆಸ್ ಚಾಕು, ಚರ್ಮದ ಒರೆಯಲ್ಲಿ ಕುಲುಮೆಯದು. ಮೂರಕ್ಕೂ ಬೇಕೆಂದೇ ನೀರು ಚಿಮುಕಿಸಿದ್ದೆ. ಫ್ರೀಜರಿನೊಳಗೆ ಮೈನಸ್ 18 ಡಿಗ್ರಿ.

ಬೆಳಗ್ಗೆ ಉಣ್ಣೆಯ ಕೈಗವಸು ತೊಟ್ಟು ಒಂದೊಂದನ್ನೇ ತೆಗೆದೆ. ಮಡಚುವ ಚಾಕು ಕದಲಲಿಲ್ಲ. ಪ್ಲಾಸ್ಟಿಕ್ ಒರೆ ಒಂದು ಜಗ್ಗಿಗೆ ಚಾಕುವನ್ನು ಬಿಟ್ಟುಕೊಟ್ಟಿತು. ಒದ್ದೆ ಚರ್ಮ ಮಾತ್ರ ಮರದಂತಾಗಿ ನನ್ನ ಹೊಸ ಚಾಕುವನ್ನು ಕಚ್ಚಿಕೊಂಡಿತ್ತು. ಕುದಿಯುವ ನೀರಿನ ಪಾತ್ರೆಯ ಆವಿಗೆ ಹಿಡಿದು ಬಿಡಿಸಬೇಕಾಯಿತು. ಬಿಡಿಸಿ, ಹಿತ್ತಲಿನ ಒಣ ಜಾಲಿಯನ್ನು ಕೆತ್ತಿದೆ. ಬಾಯಿಗೆ ಒಂದು ಮುಕ್ಕೂ ಇಲ್ಲ. ಕೈಗವಸಿನೊಳಗೆ ಹಿಡಿ ಮಾತ್ರ ತಿರುಗಿ ತಿರುಗಿ ಜಾರಿತು. ಉಕ್ಕಿನ ಬಗ್ಗೆ ಇಷ್ಟು ದಿನ ತಲೆ ಕೆಡಿಸಿಕೊಂಡವನಿಗೆ ಹಿಡಿ ಮತ್ತು ಒರೆಯೇ ಮುಖ್ಯವೆಂದು ಅರ್ಥವಾಗಲು ಒಂದು ಫ್ರೀಜರ್ ಬೇಕಾಯಿತು.

ಮಧ್ಯಾಹ್ನದ ರೈಲು ಬಿಟ್ಟು ಮತ್ತೆ ಕುಲುಮೆಗೆ ಹೋದೆ. ಒರೆಗೆ ಜೇನುಮೇಣ ಕಾಯಿಸಿ ಸವರಿದರು. ಹಿಡಿಯ ಮಾತು ಬಂದಾಗ, "ಆ ಗವಸು ಹಾಕಿಕೊಂಡೇ ಹಿಡಿಯಿರಿ" ಎಂದರು. ಬೆರಳುಗಳ ನಡುವೆ ಇದ್ದಿಲಿನಿಂದ ಗುರುತು ಹಾಕಿ, ಹಳೆಯ ಹಿಡಿ ಬಿಚ್ಚಿ, ದಪ್ಪನೆಯ ಜಾಲಿ ತುಂಡೊಂದನ್ನು ಕೆತ್ತತೊಡಗಿದರು. ಎರಡೆರಡು ಏಟಿಗೊಮ್ಮೆ ಅವರು ಚಾಕು ಚಾಚುವರು, ಉರಿಯುವ ಕುಲುಮೆಯ ಪಕ್ಕದಲ್ಲಿ ಉಣ್ಣೆಯ ಗವಸು ತೊಟ್ಟು ಕುಳಿತ ನಾನು ಹಿಡಿದು ನೋಡುವೆನು, ಇನ್ನೂ ಸ್ವಲ್ಪ ಎನ್ನುವೆನು.