ಎಲ್ಲಾ ನೀವೇ ಮಾಡಿದ್ರಾ? ದುಡ್ಡು ಉಳೀತಾ?

ನಮ್ಮ ಮದುವೆ ಆಗಿದ್ದು 2023ರ ಮೇ ತಿಂಗಳಲ್ಲಿ, ಸಾಗರ ತಾಲ್ಲೂಕಿನ ನಮ್ಮ ಮನೆ ಅಂಗಳದಲ್ಲೇ, ಚಪ್ಪರ ಹಾಕಿ. ಈಗಲೂ ಬೆಂಗಳೂರಿನ ಮನೆಗೆ ಯಾರಾದ್ರೂ ಬಂದು ಗೋಡೆಗೆ ತೂಗುಹಾಕಿರೋ ಲಗ್ನಪತ್ರಿಕೆ ನೋಡಿದ್ರೆ ಮೊದಲು "ಅಯ್ಯೋ ಚೆನ್ನಾಗಿದೆ, ಎಲ್ಲಾ ನೀವೇ ಮಾಡಿದ್ರಾ" ಅಂತಾರೆ, ಕಾಫಿ ಕುಡಿಯೋ ಹೊತ್ತಿಗೆ ಮೆಲ್ಲಗೆ "ದುಡ್ಡು ಉಳೀತಾ?" ಅಂತಾರೆ. ಮದುವೆ ಗೊತ್ತಾಗಿರೋ ಮನೆಯವರಾದ್ರೆ ಎರಡನೇ ಪ್ರಶ್ನೆನೇ ಮೊದಲು ಬರುತ್ತೆ. ಪ್ರತಿಸಲ ಅರ್ಧಂಬರ್ಧ ಹೇಳಿ ಸಾಕಾಗಿದೆ, ಅದಕ್ಕೆ ಒಂದೇ ಸಲ ಬರೆದು ಹಾಕ್ತಿದೀನಿ.

ಉಳೀಲಿಲ್ಲ. ಪತ್ರಿಕೆ ವಿಷಯದಲ್ಲಂತೂ ಖಂಡಿತ ಉಳೀಲಿಲ್ಲ. ನಿಜವಾಗ್ಲೂ ದುಡ್ಡು ಉಳಿಸ್ಬೇಕು ಅಂದ್ರೆ ಮಂತ್ರಮಾಂಗಲ್ಯ ಮಾಡ್ಕೊಳ್ಳಿ, ಕತ್ತರಿ ಗೋಂದು ತಗೊಂಡು ಕೂತ್ರೆ ಉಳಿಯಲ್ಲ.

ಲೆಕ್ಕ ಹೇಳ್ತೀನಿ. ನಮಗೆ ಬೇಕಾಗಿದ್ದು 320 ಪತ್ರಿಕೆ. ಕಾಗದ, ಕಲರ್ ಪ್ರಿಂಟು, ದಾರ ಎಲ್ಲ ಸೇರಿ ಒಂದಕ್ಕೆ 18 ರೂಪಾಯಿ ಬಿತ್ತು, ಹಾಳಾದ ನಲವತ್ತು ಹಾಳೆ ಬೇರೆ. ಬೆಂಗಳೂರಲ್ಲಿ ಸುಲ್ತಾನ್‌ಪೇಟೆಗೆ ಹೋಗಿ ಅಂಗಡಿಯಲ್ಲಿ ರೆಡಿ ಕಾರ್ಡ್ ಆರಿಸಿ ಹೆಸರು ಹಾಕಿಸಿಕೊಂಡಿದ್ರೆ ಅದಕ್ಕಿಂತ ಕಮ್ಮಿಗೆ ಕವರ್ ಸಮೇತ ಸಿಗ್ತಿತ್ತು. ಅಂಗಡಿಯವರ ಆಫ್‌ಸೆಟ್ ಪ್ರಿಂಟಿಂಗ್‌ನಲ್ಲಿ ಅಚ್ಚಿನ ಪ್ಲೇಟ್ ಮಾಡಿಸೋ ಖರ್ಚು ನೂರಕ್ಕೂ ಅಷ್ಟೇ ಸಾವಿರಕ್ಕೂ ಅಷ್ಟೇ, ಹಾಗಾಗಿ ಜಾಸ್ತಿ ಹಾಕಿಸಿದಷ್ಟೂ ಒಂದೊಂದರ ರೇಟು ಇಳಿಯುತ್ತೆ. ನಾವು ತೆಗೆಸಿದ ಲೇಸರ್ ಪ್ರಿಂಟ್‌ನಲ್ಲಿ ಮುನ್ನೂರನೇ ಹಾಳೆಗೂ ಮೊದಲನೇ ಹಾಳೆಯ ರೇಟೇ. ಐವತ್ತು ಅರವತ್ತು ಜನದ ಮದುವೆ ಆದ್ರೆ ಮನೇಲಿ ಮಾಡೋದು ಲಾಭ, ಐನೂರು ಜನದ್ದಾದ್ರೆ ಸುಮ್ನೆ ಅಂಗಡಿಗೆ ಹೋಗಿ.

ಮತ್ತೆ ಯಾಕೆ ಮಾಡಿದ್ರಿ ಅಂದ್ರೆ, ಅದು ದೊಡ್ಡಮ್ಮನಿಂದ ಶುರುವಾಗಿದ್ದು. ನಮ್ಮದು ದೀವರ (ಮಲೆನಾಡಿನ ಒಂದು ಸಮುದಾಯ) ಮನೆ. ನಮ್ಮಲ್ಲಿ ಮದುವೆ ಅಂದ್ರೆ ಗೋಡೆಗೆ ಹಸೆ ಚಿತ್ತಾರ ಬರೀಬೇಕು, ಹುಡುಗ ಹುಡುಗಿ ಕೂರೋದು ಅದರ ಮುಂದೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದು ಮಾಡಿದ ಬಿಳಿ, ಕಪ್ಪಾಗೋ ತನಕ ಹುರಿದ ಅಕ್ಕಿಯಿಂದ ಕರಿ, ಗುರಿಗೆ ಕಾಯಿಂದ ಹಳದಿ, ಬರೆಯೋಕೆ ಪುಂಡಿ ನಾರಿನ ಕುಂಚ. ಹೆಂಗಸರು ಹಾಡು ಹೇಳ್ತಾ ಬರೀತಾರೆ, ಸ್ಕೇಲೂ ಇಲ್ಲ ಎಂಥದೂ ಇಲ್ಲ, ಎಳೆ ಮಾತ್ರ ದಾರ ಹಿಡಿದ ಹಾಗೆ ನೆಟ್ಟಗೆ ಬರುತ್ತೆ. ನಾನು ಅಂಗಡಿಯಿಂದ ಮೂರು ಸ್ಯಾಂಪಲ್ ಕಾರ್ಡ್ ತಂದು ತೋರಿಸಿದೆ, ಮೂರರ ಮೇಲೂ ಚಿನ್ನದ ಬಣ್ಣದ ಗಣಪತಿ, ಆನೆ, ನವಿಲು. ದೊಡ್ಡಮ್ಮ ಕನ್ನಡಕ ಏರಿಸಿ ನೋಡಿ "ಇದು ಯಾರ ಮದುವೆದು ಮಾರಾಯ್ತಿ" ಅಂದ್ರು. ತಮಾಷೆಗೆ ಅಂದಿದ್ದಲ್ಲ, ಅವರಿಗೆ ನಿಜವಾಗ್ಲೂ ಗೊತ್ತಾಗ್ಲಿಲ್ಲ. ಆ ಕಾರ್ಡ್ ಯಾರ ಮದುವೆದೂ ಆಗಿರಬಹುದಿತ್ತಲ್ವಾ.

ಸರಿ, ನೀವೇ ಚಿತ್ತಾರ ಬರೆದುಕೊಡಿ, ಅದನ್ನೇ ಪತ್ರಿಕೆಗೆ ಹಾಕ್ತೀನಿ ಅಂತ ಡ್ರಾಯಿಂಗ್ ಶೀಟು ಕೊಟ್ಟೆ. ಇಷ್ಟು ಚಿಕ್ಕದರಲ್ಲಿ ನನಗೆ ಕೈ ಓಡಲ್ಲ ಅಂದ್ರು. ಗೋಡೆಗೆ ಬರೆದು ಬರೆದು ಅಭ್ಯಾಸ ಆಗಿರೋ ಕೈ, ಭುಜದಿಂದ ಎಳೆಯೋ ಗೆರೆ ಅದು, ಬೆರಳಿಂದ ಬರಲ್ಲ. ಕೊನೆಗೆ ಎರಡು ದೊಡ್ಡ ಹಾಳೆ ಅಂಟಿಸಿ ಗೋಡೆಗೆ ಹಚ್ಚಿ ಅದರ ಮೇಲೆ ಬರೆಸಿದ್ವಿ, ಫೋಟೋ ತೆಗೆದು ಸಣ್ಣದು ಮಾಡಿದ್ವಿ, ಸಣ್ಣದು ಮಾಡಿದ ತಕ್ಷಣ ಒಳಗಿನ ತೆಳು ಎಳೆಗಳೆಲ್ಲ ಮಾಯ! ಬಿಳಿ ಗೆರೆ ಕೆಂಪಲ್ಲಿ ಕರಗಿ ಒಂಥರಾ ಕೆಂಪು ಮಬ್ಬು ಆಗೋಯ್ತು. ಎರಡನೇ ಸಲ ದೊಡ್ಡಮ್ಮಂಗೆ ಬರೀ ಹೊರಗಿನ ಅಂಚು, ನಡುವೆ ಬಾಸಿಂಗ, ಇಷ್ಟೇ ಬರೀರಿ, ಎಳೆ ದಪ್ಪ ಇರಲಿ ಅಂದೆ. ಬೈದ್ರು, ಆದ್ರೂ ಬರೆದ್ರು. ಕೈಬರಹ, ರಂಗೋಲಿ, ಏನೇ ಪ್ರಿಂಟ್‌ಗೆ ಹಾಕೋದಿದ್ರೂ ಮೊದಲು ನಿಜವಾದ ಸೈಜಲ್ಲಿ ಒಂದು ಪ್ರಿಂಟ್ ತೆಗೆಸಿ ನೋಡಿ. ಫೋನ್ ಸ್ಕ್ರೀನ್‌ನಲ್ಲಿ ಎಲ್ಲಾ ಚೆನ್ನಾಗೇ ಕಾಣುತ್ತೆ.

ಕವರ್ ಮಾಡೋಕೆ ಹೋಗಬೇಡಿ, ಇದನ್ನ ಕಾಲಿಗೆ ಬಿದ್ದು ಹೇಳ್ತೀನಿ. ಕಾರ್ಡಿಗಿಂತ ಕವರಿಗೇ ಜಾಸ್ತಿ ಕಾಗದ ಬೇಕು, ಜಾಸ್ತಿ ಹೊತ್ತು ಬೇಕು, ಆಮೇಲೆ ಜನ ಅದನ್ನ ಹರಿದು ಬಿಸಾಕ್ತಾರೆ. ನಾವು ಹತ್ತು ಕವರ್ ಮಾಡಿ ಬೆನ್ನು ಹಿಡ್ಕೊಂಡು ಎದ್ವಿ. ಆಮೇಲೆ ನಮ್ಮನೆಯವರು (ಆಗಿನ್ನೂ ಮನೆಯವರಾಗಿರ್ಲಿಲ್ಲ) ಇನ್ಲ್ಯಾಂಡ್ ಲೆಟರ್ ಥರ ಹಾಳೆಯನ್ನೇ ಮಡಚಿಬಿಡೋಣ ಅಂದ್ರು. ಎ4 ಹಾಳೆ 297 ಮಿಲಿಮೀಟರ್ ಉದ್ದ, ಮೂರು ಮಡಿಕೆ ಮಾಡಿದ್ರೆ ಒಂದೊಂದು 99, ಕೈಯಲ್ಲಿ ಹಿಡಿಯೋಕೆ ಸರಿಯಾಗಿರುತ್ತೆ. ಮೇಲೆ ಅರಿಶಿನ ಹಚ್ಚಿದ ದಾರ ಸುತ್ತಿ ಗಂಟು. 120 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ) ಹಾಳೆ ತಗೊಂಡ್ವಿ, ಆಫೀಸಲ್ಲಿ ಬಳಸೋ ಕಾಪಿಯರ್ ಪೇಪರ್ 75-80 ಇರುತ್ತೆ, ಅದಕ್ಕಿಂತ ಗಟ್ಟಿ. ಆದ್ರೆ ರಟ್ಟಿನ ಥರ ಸೆಟೆದುಕೊಳ್ಳಲ್ಲ.

ಮಡಿಕೆ ಅಂದ್ರೆ ಸುಲಭ ಅನ್ಸುತ್ತೆ ಅಲ್ವಾ. ಕಾಗದಕ್ಕೂ ಮರದ ಹಾಗೆ ನಾರಿನ ದಿಕ್ಕು ಇರುತ್ತೆ ಅಂತ ನಂಗೆ ಗೊತ್ತಾಗಿದ್ದೇ ಆಗ. ಹಾಳೆನ ಎರಡು ಕಡೆಯಿಂದಲೂ ಸುಮ್ನೆ ಬಗ್ಗಿಸಿ ನೋಡಿ, ಒಂದು ಕಡೆಗೆ ಸಲೀಸಾಗಿ ಬಗ್ಗುತ್ತೆ, ಇನ್ನೊಂದು ಕಡೆಗೆ ಬಿಗಿ ಇರುತ್ತೆ. ಸಲೀಸಾಗಿ ಬಗ್ಗೋ ಕಡೆಗೆ ಮಡಚಿದ್ರೆ ಗೆರೆ ಚೊಕ್ಕ, ಅಡ್ಡ ಮಡಚಿದ್ರೆ ಅಂಚು ಸಿಡಿದು ಬಿಳಿ ಬಿಳಿ ಕಾಣುತ್ತೆ. ಲೇಸರ್ ಪ್ರಿಂಟಿನ ಟೋನರ್ ಕಾಗದದ ಮೇಲೆ ಪುಡಿ ಕರಗಿ ಕೂತಿರೋದು, ಒಳಗೆ ಇಳಿದಿರಲ್ಲ, ಮಡಿಕೆ ಮೇಲೆ ಉದುರುತ್ತೆ. ನಮ್ಮ ಮೊದಲ ಡಿಸೈನಲ್ಲಿ ಸರಿಯಾಗಿ ಮುಹೂರ್ತದ ಸಾಲೇ ಮಡಿಕೆ ಮೇಲೆ ಬಂದಿತ್ತು! ಮಡಚಿ ಬಿಚ್ಚಿದ್ರೆ ಮದುವೆ ಎಷ್ಟು ಗಂಟೆಗೆ ಅಂತ ದೇವರಿಗೇ ಗೊತ್ತು. ಆ ನಲವತ್ತು ಹಾಳೆ ಹಾಳಾಗಿದ್ದು ಹೀಗೆ. ಮಡಿಕೆ ಬರೋ ಜಾಗದಲ್ಲಿ ಅಕ್ಷರ ಇರಬಾರದು, ಮಡಚೋಕೆ ಮುಂಚೆ ಇಂಕು ಮುಗಿದ ಬಾಲ್‌ಪೆನ್ನಲ್ಲಿ ಸ್ಕೇಲ್ ಇಟ್ಟು ಒತ್ತಿ ಗೀರು ಹಾಕಿ.

ಮನೆ ಇಂಕ್‌ಜೆಟ್ ಪ್ರಿಂಟರ್‌ನಲ್ಲೇ ಮಾಡಬಹುದಾ ಅಂತ ಕೇಳ್ತಾರೆ. ನಮ್ಮ ಜನ ಪತ್ರಿಕೆಗೆ ಮೊದಲು ಮಾಡೋದೇ ನಾಲ್ಕು ಮೂಲೆಗೆ ಒದ್ದೆ ಅರಿಶಿನ ಹಚ್ಚೋದು. ಆ ಬೆರಳು ಇಂಕಿಗೆ ತಾಗಿದ್ರೆ ಮುಗೀತು ಕಥೆ. ಲೇಸರ್‌ಗೇ ಹೋಗಿ.

ಕನ್ನಡ ಅಕ್ಷರದ ವಿಷಯ ಬೇರೆನೇ ಪುರಾಣ. ಜೆರಾಕ್ಸ್ ಅಂಗಡಿಯಲ್ಲಿ ನಮ್ಮ ಫೈಲ್ ತೆಗೆದಾಗ ಇಡೀ ಪತ್ರಿಕೆ ಇಂಗ್ಲಿಷ್ ಅಕ್ಷರ ಚಿಹ್ನೆಗಳ ಚಿತ್ರಾನ್ನ. ನಾನು ಮಾವ ಕಳಿಸಿದ ಹಳೇ ಪತ್ರಿಕೆಯ ಒಕ್ಕಣೆಯನ್ನ ಹಾಗೇ ಕಾಪಿ ಮಾಡಿದ್ದೆ, ಅದು ಹಳೇ ನುಡಿ ಫಾಂಟಲ್ಲಿತ್ತು. ಆ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರೋ ಥರದವು, ಕಂಪ್ಯೂಟರಲ್ಲಿ ಆ ಫಾಂಟ್ ಇಲ್ಲ ಅಂದ್ರೆ ಒಳಗಿನ ಇಂಗ್ಲಿಷ್ ಆಚೆ ಬರುತ್ತೆ. ಈಗ ಫೋನಲ್ಲೆಲ್ಲ ಬರೋ ಯೂನಿಕೋಡ್‌ ಕನ್ನಡದಲ್ಲಿ ಹೊಸದಾಗಿ ಟೈಪ್ ಮಾಡಿ, ಪಿಡಿಎಫ್ ಮಾಡಿ ಕೊಟ್ಟಮೇಲೆ ಸರಿಹೋಯ್ತು. ಫಾಂಟು ನಾವು ಹಾಕಿದ್ದು ತಿರೊ ಕನ್ನಡ, ಪುಸ್ತಕದ ಅಕ್ಷರದ ಥರ ಗಂಭೀರವಾಗಿದೆ. ಹೆಸರಿಗೆ ಮಾತ್ರ ದುಂಡುದುಂಡಗಿನ ಬಲೂ ತಮ್ಮ. ಎರಡೂ ಪುಕ್ಕಟೆ ಸಿಗುತ್ತೆ. ಕೆಲವು ಡಿಸೈನ್ ಆ್ಯಪ್‌ಗಳಲ್ಲಿ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತೆ, ಅರ್ಕಾವತ್ತು ಎಲ್ಲೋ ಹೋಗಿ ಕೂತಿರುತ್ತೆ, ಅದಕ್ಕೆ 'ಶ್ರೀ', 'ಮುಹೂರ್ತ', 'ಆಶೀರ್ವಾದ' ಈ ಮೂರು ಪದ ಸರಿ ಬಂತಾ ನೋಡಿ, ಇವು ಸರಿ ಬಂದ್ರೆ ಮಿಕ್ಕಿದ್ದು ಹೆಚ್ಚುಕಮ್ಮಿ ಸರಿ ಇರುತ್ತೆ.

ಪ್ರೂಫ್ ನೋಡೋಕೆ ಮನೆಯಲ್ಲಿ ಅತಿ ಹೆಚ್ಚು ತಕರಾರು ಮಾಡೋರ ಕೈಗೇ ಕೊಡಿ. ನಮ್ಮಲ್ಲಿ ಅದು ಚಿಕ್ಕಪ್ಪ. ಕಾಗುಣಿತದ ತಪ್ಪು ಒಂದೂ ಹಿಡೀಲಿಲ್ಲ, ಆದ್ರೆ 'ಸುಖಾಗಮನ ಬಯಸುವವರು' ಪಟ್ಟಿಯಲ್ಲಿ ಅಜ್ಜಿಯ ತವರಿನವರ ಹೆಸರಿಲ್ಲ ಅಂತ ಹಿಡಿದ್ರು. ಅದು ಬಿಟ್ಟುಹೋಗಿದ್ರೆ ಇವತ್ತಿಗೂ ಮಾತು ಬಿಟ್ಟಿರ್ತಿದ್ರು.

ಮೊದಲನೇ ಪತ್ರಿಕೆ ಸಿಗಂದೂರು ಚೌಡೇಶ್ವರಿಗೆ. ಆಗಿನ್ನೂ ಸೇತುವೆ ಆಗಿರ್ಲಿಲ್ಲ (ಅದು ಓಪನ್ ಆಗಿದ್ದು 2025ರ ಜುಲೈನಲ್ಲಿ), ಲಾಂಚಲ್ಲೇ ಶರಾವತಿ ಹಿನ್ನೀರು ದಾಟಿ ಹೋಗಿ ದೇವಿ ಮುಂದೆ ಇಟ್ಟು ಬಂದ್ವಿ. ಆಮೇಲೆ ಅಪ್ಪ ಅಮ್ಮ ಮನೆಮನೆಗೆ ಕರೆಯೋಕೆ ಹೊರಟ್ರು. ಹಾಗಾಗಿ ಪತ್ರಿಕೆ ಮದುವೆಗೆ ಒಂದೂವರೆ ತಿಂಗಳು ಮುಂಚೆ ಕೈಗೆ ಬಂದಿರಬೇಕು, ನೀವು ಫೆಬ್ರವರಿಯಲ್ಲಿ ಆರಾಮಾಗಿ ಕೂತಿದ್ರೆ ಮೇ ಮದುವೆಗೆ ಆಗಲ್ಲ.

ಇನ್ನು ಅಲಂಕಾರ. ಇಲ್ಲಿ ಸ್ವಲ್ಪ ದುಡ್ಡು ಉಳೀತು, ಮಾನ ಸ್ವಲ್ಪ ಹೋಯ್ತು. ನಾನು ಇಂಟರ್ನೆಟ್ ನೋಡಿ ಕಾಗದದ ಹೂವು ಮಾಡೋಕೆ ಕೂತೆ, ಒಂದಕ್ಕೆ ಏಳು ನಿಮಿಷ. ಇನ್ನೂರು ಹೂವು ಅಂದ್ರೆ 23 ಗಂಟೆ ಅಂತ ಲೆಕ್ಕ ಹಾಕಿದ್ದು ಹದಿನೈದು ಹೂವು ಆದಮೇಲೆ. ಅಲ್ಲಾ, ಕೆ.ಆರ್. ಮಾರ್ಕೆಟ್‌ನಲ್ಲಿ ರಾಶಿ ರಾಶಿ ಚೆಂಡು ಹೂವು ಸುರಿದಿರೋ ರಾಜ್ಯದಲ್ಲಿ ಕಾಗದದ ಚೆಂಡು ಹೂವು ಯಾಕೆ ಮಾಡ್ಬೇಕು? ಅದು ಹೂವು ತುಟ್ಟಿ ಇರೋ ಊರಿನವರ ಐಡಿಯಾ. ನಮ್ಮಲ್ಲಿ ಮಾವಿನ ತೋರಣ, ಬಾಳೆಕಂಬ, ತೆಂಗಿನ ಗರಿ, ಅಡಿಕೆ ಸಿಂಗಾರ ಎಲ್ಲಾ ತೋಟದಲ್ಲೇ ಇದೆ.

ಕಾಗದ ಬೇಕಾಗಿದ್ದು ಪತಾಕೆಗೆ ಮತ್ತೆ ಬೋರ್ಡಿಗೆ. ಮೊದಲೆಲ್ಲ ನಮ್ಮೂರ ಹುಡುಗರು ಥರ್ಮಕೋಲ್ ಕೊರೆದು ಗಂಡು ಹೆಣ್ಣಿನ ಹೆಸರು ಮಾಡಿ ಮಿಂಚು ಉದುರಿಸಿ ಮಂಟಪದ ಹಿಂದೆ ಹಚ್ತಿದ್ರು. 2022ರ ಜುಲೈ 1ರಿಂದ ಅಲಂಕಾರದ ಥರ್ಮಕೋಲು ದೇಶದಲ್ಲೆಲ್ಲಾ ನಿಷೇಧ, ಪ್ಲಾಸ್ಟಿಕ್ ಬಾವುಟ, ಬಲೂನಿನ ಪ್ಲಾಸ್ಟಿಕ್ ಕಡ್ಡಿನೂ ಅದೇ ಪಟ್ಟಿಯಲ್ಲಿದೆ, ಆಮಂತ್ರಣ ಪತ್ರಿಕೆ ಮೇಲೆ ಸುತ್ತೋ ಪ್ಲಾಸ್ಟಿಕ್ ಹಾಳೆ ಕೂಡ. ನಾವು ಫ್ರಿಡ್ಜ್ ಅಂಗಡಿಯಿಂದ ದೊಡ್ಡ ರಟ್ಟಿನ ಡಬ್ಬ ತಂದು ಅಕ್ಷರ ಕೊರೆದು ಕೆಮ್ಮಣ್ಣು ಬಳಿದ್ವಿ. ಒಳ್ಳೇ ಕಂಡಿತು, ಖರ್ಚು ಸೊನ್ನೆ. 'ಊಟಕ್ಕೆ ಈ ಕಡೆ', 'ಕೈ ತೊಳೆಯಲು' ಬೋರ್ಡೂ ಅದರಲ್ಲೇ.

ಪತಾಕೆಗೆ ಮೈದಾ ಅಂಟು ಕಾಸಿ, ಹುಳ ಜಿರಲೆ ಬರದಿರಲಿ ಅಂತ ಚೂರು ಮೈಲುತುತ್ತ ಹಾಕಿದ್ವಿ (ಅದು ವಿಷ, ಮಕ್ಕಳ ಕೈಗೆ ಕೊಡಬೇಡಿ, ತಿನ್ನೋ ಸಾಮಾನು ಇಡೋ ಪೊಟ್ಟಣಕ್ಕಂತೂ ಬೇಡ್ವೇ ಬೇಡ). ಕಾಗದ ಏನೋ ಗಾಳಿಪಟದ್ದು ತಂದಿದ್ರೆ ಸಾಕಿತ್ತು, ನಾನು ಚೆಂದ ಇದೆ ಅಂತ ಕೆಂಪು ಕ್ರೇಪ್ ಪೇಪರ್ ತಂದೆ. ಮೇ ತಿಂಗಳು, ಹಿಂದಿನ ದಿನ ಸಂಜೆ ಗುಡುಗು ಸಮೇತ ಮಳೆ ಹೊಡೀತು, ಚಪ್ಪರದ ಅಂಚಲ್ಲಿದ್ದ ಪತಾಕೆಯೆಲ್ಲ ಒದ್ದೆ, ಕ್ರೇಪ್ ಪೇಪರಿನ ಬಣ್ಣ ನೀರು ತಾಗಿದ್ರೆ ನಿಲ್ಲಲ್ಲ, ತೊಟ್ಟು ತೊಟ್ಟಾಗಿ ಇಳಿದು ಕೆಳಗೆ ಹೊಸ ಬಿಳಿ ಪಂಚೆ ಉಟ್ಕೊಂಡು ಅಡುಗೆಯವರ ಹತ್ರ ಲೆಕ್ಕ ಮಾತಾಡ್ತಿದ್ದ ಭಾವನ ಹೆಗಲ ಮೇಲಿಂದ ಪಂಚೆ ತನಕ ಬಂತು. ಅವರಿಗೆ ಗೊತ್ತೇ ಇಲ್ಲ. ಅಕ್ಕ ನೋಡಿ ರಕ್ತ ಅಂತ ಕಿರುಚಿದ್ದೇ ಕಿರುಚಿದ್ದು. ಆ ಪಂಚೆ ಇವತ್ತಿಗೂ ಅವರ ಮನೇಲಿ ಗುಲಾಬಿ ಬಣ್ಣದಲ್ಲಿದೆ, ನಾನು ಹೋದಾಗೆಲ್ಲ ಬೇಕು ಅಂತಲೇ ಉಟ್ಕೋತಾರೆ.

ತಾಂಬೂಲದ ಚೀಲನೂ ಕಾಗದದಲ್ಲೇ ಮಾಡೋಣ ಅಂತ ಹುಮ್ಮಸ್ಸು ಇತ್ತು. ತೆಂಗಿನಕಾಯಿಯ ಭಾರ, ಜೊತೆಗೆ ನೀರು ಚಿಮುಕಿಸಿದ ವೀಳ್ಯದೆಲೆ. ಟ್ರಯಲ್ ಮಾಡಿದಾಗ ಐದರಲ್ಲಿ ಮೂರು ಚೀಲದ ತಳ ಕಿತ್ತುಬಂತು, ಒಂದು ಕಾಯಿ ನನ್ನ ಕಾಲ ಮೇಲೇ. ಬಟ್ಟೆ ಚೀಲ ಕೊಂಡ್ವಿ. ಅಕ್ಷತೆ ಪೊಟ್ಟಣಕ್ಕೂ ಹುಷಾರು, ತುಪ್ಪ ಹಾಕಿ ಕಲಸಿದ್ರೆ ಜಿಡ್ಡು ಕಾಗದದಿಂದ ಆಚೆ ಬಂದು ರೇಷ್ಮೆ ಸೀರೆಗೆ ಹತ್ತುತ್ತೆ. ಬಾಳೆಎಲೆ ಚೂರಲ್ಲಿ ಕೊಟ್ರೆ ಯಾವ ತಲೆನೋವೂ ಇಲ್ಲ. ಹೋಮ ಇರೋ ಮದುವೆಯಾದ್ರೆ ಕುಂಡದ ಹತ್ರ ಕಾಗದದ್ದು ಒಂದೂ ಕಟ್ಟಬೇಡಿ, ಕಾಗದದ ಗೂಡುದೀಪದ ಒಳಗೆ ಎಲ್‌ಇಡಿ ಸೀರಿಯಲ್ ಸೆಟ್ ಬಿಟ್ಟು ಬೇರೆ ಏನೂ ಇಡಬೇಡಿ.

ಹಾಗಾದ್ರೆ ಯಾವುದನ್ನ ಕೈಯಲ್ಲಿ ಮಾಡ್ಬೇಕು? ನನ್ನ ಪ್ರಕಾರ ಪತ್ರಿಕೆ ಒಂದೇ, ಅದೂ ನಿಮ್ಮ ಮನೆದು ಅಂತ ಏನಾದ್ರೂ ಅದರಲ್ಲಿ ಹಾಕೋಕಿದ್ರೆ. ಅಜ್ಜಿಯ ರಂಗೋಲಿ ಇರಬಹುದು, ಅಪ್ಪನ ಕೈಬರಹ ಇರಬಹುದು. ಮಿಕ್ಕಿದ್ದನ್ನ ಆ ಕಸುಬು ಗೊತ್ತಿರೋರಿಗೆ ಬಿಡಿ, ಅವರು ಹೊಟ್ಟೆಪಾಡಿಗೆ ಅದನ್ನೇ ಮಾಡ್ತಿರೋದು, ನಮಗಿಂತ ಚೆನ್ನಾಗೇ ಮಾಡ್ತಾರೆ.

ದೊಡ್ಡಮ್ಮ ಒಂದು ಪತ್ರಿಕೆನ ದೇವರ ಕೋಣೆ ಬಾಗಿಲಿಗೆ ಅಂಟಿಸಿಕೊಂಡಿದ್ದಾರೆ. ಹೋದವರಿಗೆಲ್ಲ ತೋರಿಸ್ತಾರೆ, ತೋರಿಸಿ "ಎಳೆ ದಪ್ಪ ಆಗೋಯ್ತು, ಇವಳು ಹಠ ಮಾಡಿದ್ಲು" ಅಂತಾರೆ.

ಈ ಪ್ರಶ್ನೆ ಮುಗಿದಮೇಲೆ ಇನ್ನೊಂದು ಬರುತ್ತೆ, ನಮ್ಮನೆ ಮದುವೆಗೂ ಮಾಡಿಕೊಡ್ತೀರಾ ಅಂತ. ಇಲ್ಲಾರೀ. ಮಡಚೋಕೆ ಜನ ಕಮ್ಮಿ ಇದ್ರೆ ಶನಿವಾರ ಹೇಳಿ, ಬರ್ತೀನಿ, ಖಾಲಿ ಬಾಲ್‌ಪೆನ್ ನಾನೇ ತರ್ತೀನಿ, ಮಧ್ಯಾಹ್ನದ ಊಟ ನಿಮ್ಮದು.